ಚಳಿಯ ಬದಲು ಬಾಯಾರಿಕೆ: ಸೊಲ್ಲಾಪುರ–ಅಕ್ಕಲಕೋಟೆ ಸೀಮೆಯಲ್ಲಿ ಹಣ್ಣಿನ ಗಿಡಗಳ ಸುಪ್ತಾವಸ್ಥೆ

ಏಪ್ರಿಕಾಟ್, ಅಂದರೆ ನಮ್ಮ ಕಿರಾಣಿ ಅಂಗಡಿಗಳಲ್ಲಿ ಒಣಗಿದ ರೂಪದಲ್ಲಿ ಸಿಗುವ ಜರ್ದಾಳು, ಸೊಲ್ಲಾಪುರ ಸೀಮೆಯಲ್ಲಿ ಬೆಳೆಯದಿರಲು ಇಲ್ಲಿನ ಬಿರುಬಿಸಿಲೇ ಕಾರಣವೆಂದು ಹೇಳಿಬಿಡುವುದು ಸುಲಭ. ಅದು ಪೂರ್ತಿ ಸರಿಯಲ್ಲ. ಒಣ ಜರ್ದಾಳುವಿಗೆ ಜಗತ್ತಿನಲ್ಲೇ ಹೆಸರಾದ ಟರ್ಕಿಯ ಮಲತ್ಯಾ ಪ್ರಾಂತದ ಬೇಸಿಗೆಯೂ ಒಣ, ಕಡುಬಿಸಿಲಿನದೇ. ವ್ಯತ್ಯಾಸವಿರುವುದು ಚಳಿಗಾಲದಲ್ಲಿ. ಜರ್ದಾಳುವಿನ ಮೊಗ್ಗು ಶರತ್ಕಾಲದಲ್ಲಿ ಸುಪ್ತಾವಸ್ಥೆಗೆ ಇಳಿದರೆ, ಸಾಕಷ್ಟು ಚಳಿ ಉಣ್ಣದೆ ಮತ್ತೆ ಏಳುವುದಿಲ್ಲ. ಅಮೆರಿಕದ ಜಾರ್ಜಿಯಾದಲ್ಲಿ ಪೀಚ್ ಗಿಡಗಳನ್ನು ಅಭ್ಯಸಿಸಿದ ವೈನ್‌ಬರ್ಗರ್ 1950ರಲ್ಲಿ ಈ ಅಗತ್ಯವನ್ನು 7.2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಗಂಟೆಗಳಲ್ಲಿ ಎಣಿಸುವ ಕ್ರಮವನ್ನು ಮುಂದಿಟ್ಟರು. ಆ ಲೆಕ್ಕದಲ್ಲಿ ಜರ್ದಾಳುವಿನ ತಳಿಗಳಿಗೆ ಸುಮಾರು 300ರಿಂದ 1,000 ಗಂಟೆಗಳವರೆಗೆ ಚಳಿ ಬೇಕು. ಸಮುದ್ರಮಟ್ಟದಿಂದ ಸುಮಾರು 460 ಮೀಟರ್ ಎತ್ತರದ ಸೊಲ್ಲಾಪುರದಲ್ಲಿ ಜನವರಿಯ ರಾತ್ರಿಗಳೂ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತವೆ. ಇಲ್ಲಿ ಎಣಿಸಲು ಗಂಟೆಗಳೇ ಇಲ್ಲ.

ಚಳಿ ನಾಡುಗಳ ಬೆಳೆಗಾರನ ಗೋಳು ಇದಕ್ಕೆ ತಿರುಗುಮುರುಗು. ಅಲ್ಲಿ ಚಳಿ ಬೇಕಾದಷ್ಟಿದೆ; ಗಿಡ ಬೇಗ ಎದ್ದುಬಿಡುವುದೇ ಅಪಾಯ. ಸುಪ್ತ ಮೊಗ್ಗು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಹಿಮವನ್ನೂ ತಾಳಬಲ್ಲದು, ಅರಳಿದ ಹೂವು ಸೊನ್ನೆಗಿಂತ ಎರಡು ಮೂರು ಡಿಗ್ರಿ ಇಳಿದರೆ ಕರಕಾಗುತ್ತದೆ. ಚಳಿಗಾಲದ ಕೊನೆಯಲ್ಲಿ ನಾಲ್ಕು ದಿನ ಬಿಸಿಲು ಕಾದರೆ ಸಾಕು, ಜರ್ದಾಳು ಹೂ ಬಿಡುತ್ತದೆ. ಹಿಂದೆಯೇ ಬರುವ ಹೆಪ್ಪುಗಟ್ಟಿಸುವ ಚಳಿ ಆ ವರ್ಷದ ಫಸಲನ್ನು ಒಯ್ಯುತ್ತದೆ. ಉತ್ತರಕ್ಕೆ ಮುಖಮಾಡಿದ ಇಳಿಜಾರು, ತಡವಾಗಿ ಹೂಬಿಡುವ ತಳಿ, ಕಾಂಡಕ್ಕೆ ಬಳಿಯುವ ಸುಣ್ಣ, ಇವೆಲ್ಲ ಗಿಡವನ್ನು ಇನ್ನಷ್ಟು ದಿನ ಮಲಗಿಸಿಡುವ ಉಪಾಯಗಳು.

ಹಾಗೆ ನೋಡಿದರೆ ಹಣ್ಣಿನ ಬೇಸಾಯದ ಮುಖ್ಯ ಪ್ರಶ್ನೆ ಗಿಡ ಯಾವಾಗ ಮಲಗಬೇಕು, ಯಾವಾಗ ಏಳಬೇಕು ಎಂಬುದು. ಚಳಿಯಿಲ್ಲದ ಸೊಲ್ಲಾಪುರದ ರೈತ ಆ ಕೆಲಸವನ್ನು ನೀರು ನಿಲ್ಲಿಸಿ ಮಾಡಿಸುತ್ತಾನೆ. ಆದರೆ ನೀರು ನಿಲ್ಲಿಸುವುದು ಅವನ ಕೈಯಲ್ಲಿದ್ದರೂ ಗಿಡಕ್ಕೆ ಬಾಯಾರುವುದು ಅವನ ಕೈಯಲ್ಲಿಲ್ಲ. ಅದನ್ನು ನಿರ್ಧರಿಸುವುದು ಮಣ್ಣು.

ದಾಳಿಂಬೆ ಇದಕ್ಕೆ ಸ್ಪಷ್ಟ ನಿದರ್ಶನ. ಚಳಿ ಪ್ರದೇಶದಲ್ಲಿ ಎಲೆ ಉದುರಿಸುವ ಈ ಗಿಡ ದಖ್ಖನಿನಲ್ಲಿ ವರ್ಷವಿಡೀ ಹಸಿರಾಗಿ ನಿಂತು, ತೋಚಿದಾಗಲೆಲ್ಲ ಅಷ್ಟಿಷ್ಟು ಹೂ ಬಿಡುತ್ತದೆ. ಅಂಥ ಚದುರಿದ ಫಸಲು ಮಾರುಕಟ್ಟೆಗೆ ಆಗಿಬರುವುದಿಲ್ಲ. ಅದಕ್ಕೇ ಬಹಾರದ, ಅಂದರೆ ಇಡೀ ತೋಟಕ್ಕೆ ಒಂದೇ ಹಂಗಾಮಿನಲ್ಲಿ ಹೂ ಬಿಡಿಸುವ ಪದ್ಧತಿ: ಒಂದರಿಂದ ಎರಡು ತಿಂಗಳು ನೀರು ಕೊಡದೆ ಗಿಡವನ್ನು ತಾಣಕ್ಕೆ (ನೀರಿನ ಕೊರತೆಯ ಒತ್ತಡಕ್ಕೆ) ಬಿಡುವುದು, ಎಲೆ ಹಳದಿಯಾದಾಗ ಎಥ್ರೆಲ್ ಹೊಡೆದು ಉದುರಿಸುವುದು, ಹಗುರವಾಗಿ ಚಾಟ್ನಿ (ಕೊಂಬೆ ಸವರುವಿಕೆ) ಮಾಡಿ, ಗೊಬ್ಬರ ಹಾಕಿ, ನೀರು ಬಿಡುವುದು. ಹೊಸ ಚಿಗುರಿನೊಂದಿಗೆ ಇಡೀ ತೋಟ ಒಮ್ಮೆಗೇ ಹೂವಾಗುತ್ತದೆ. ಜನವರಿ–ಫೆಬ್ರುವರಿಯ ಹೂವಿಗೆ ಅಂಬೆ ಬಹಾರ, ಜೂನ್–ಜುಲೈಯದಕ್ಕೆ ಮೃಗ ಬಹಾರ, ಸೆಪ್ಟೆಂಬರ್–ಅಕ್ಟೋಬರಿನದಕ್ಕೆ ಹಸ್ತ ಬಹಾರ ಎಂದು ಹೆಸರು. ಕೊನೆಯ ಎರಡು ಹೆಸರುಗಳು ಮಳೆ ನಕ್ಷತ್ರಗಳಿಂದ ಬಂದವು.

ಮೃಗ ಬಹಾರಕ್ಕೆ ಖರ್ಚು ಕಡಿಮೆ. ಏಪ್ರಿಲ್–ಮೇ ತಿಂಗಳಲ್ಲಿ ಬಾವಿಯೇ ಬತ್ತುವುದರಿಂದ ಗಿಡಕ್ಕೆ ವಿಶ್ರಾಂತಿ ತಾನಾಗಿ ಸಿಗುತ್ತದೆ, ಮಳೆ ಬಂದು ಎಬ್ಬಿಸುತ್ತದೆ. ಆದರೆ ಕಾಯಿ ಬಲಿಯುವುದು ಮಳೆಯ ತೇವದಲ್ಲಿ, ದುಂಡಾಣು ಅಂಗಮಾರಿ ಹರಡುವುದೂ ಆಗಲೇ. ಕಾಯಿಯ ಮೇಲೆ ಎಣ್ಣೆ ಸವರಿದಂಥ ಚುಕ್ಕೆಗಳಿಂದಾಗಿ ಮರಾಠಿಯಲ್ಲಿ ತೇಲ್ಯಾ ಎನಿಸಿಕೊಂಡ ಈ ರೋಗ 2000ದ ದಶಕದಲ್ಲಿ ಸೊಲ್ಲಾಪುರದಲ್ಲೂ, ಗಡಿಯಾಚೆ ಕರ್ನಾಟಕದ ವಿಜಯಪುರ, ಬಾಗಲಕೋಟೆ, ಕೊಪ್ಪಳಗಳಲ್ಲೂ ತೋಟಗಳನ್ನು ಕಿತ್ತುಹಾಕಿಸಿತು. ಹಸ್ತ ಬಹಾರಕ್ಕೆ ಒಳ್ಳೆಯ ದರ ಸಿಗಬಹುದು, ಆದರೆ ಅದಕ್ಕೆ ತಾಣ ಕೊಡಬೇಕಾದದ್ದು ಆಗಸ್ಟ್–ಸೆಪ್ಟೆಂಬರಿನಲ್ಲಿ. ಈ ಸೀಮೆಯ ಜೋರು ಮಳೆ ಬರುವುದೂ ಸೆಪ್ಟೆಂಬರಿನಲ್ಲೇ. ಅರೆನಿದ್ರೆಯ ಗಿಡದ ಮೇಲೆ ಬೀಳುವ ಒಂದು ದೊಡ್ಡ ಮಳೆ ಚಳಿ ನಾಡಿನ ಅಕಾಲದ ಬಿಸಿಲಿನ ಕೆಲಸವನ್ನೇ ಮಾಡುತ್ತದೆ. ಅಂಬೆ ಬಹಾರ ರೋಗದ ದೃಷ್ಟಿಯಿಂದ ಸುರಕ್ಷಿತ: ವಿಶ್ರಾಂತಿ ಬೀಳುವುದು ನವೆಂಬರ್–ಡಿಸೆಂಬರಿನ ಒಣಹವೆಯಲ್ಲಿ, ಹೂ ಬರುವುದು ಗಿಡದ ಸಹಜ ವಸಂತದಲ್ಲಿ. ಅದು ಕೇಳುವ ಬೆಲೆ ಬೇಸಿಗೆಯ ನೀರು.

1990ರ ಸುಮಾರಿಗೆ ಮಹಾರಾಷ್ಟ್ರ ಸರಕಾರ ಹಣ್ಣಿನ ಗಿಡ ನೆಡುವುದನ್ನು ಉದ್ಯೋಗ ಖಾತರಿ ಯೋಜನೆಗೆ ಜೋಡಿಸಿದ ಮೇಲೆ ದಾಳಿಂಬೆ, ಬೋರೆ ತೋಟಗಳು ಬರಸೀಮೆಯಲ್ಲಿ ಬೇಗ ಹಬ್ಬಿದವು. 2005ರಲ್ಲಿ ಸೊಲ್ಲಾಪುರದ ಕೇಗಾವದಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಬಂತು. ಹೆಚ್ಚಿನ ತೋಟಗಳಲ್ಲಿರುವುದು ರಾಹುರಿ ಕೃಷಿ ವಿಶ್ವವಿದ್ಯಾಲಯದ ಭಗವಾ, ಕರ್ನಾಟಕದ ರೈತರ ಬಾಯಲ್ಲಿ ಕೇಸರ್. ಆದರೂ ಜಿಲ್ಲೆಯಲ್ಲಿ ದಾಳಿಂಬೆಯ ಹೆಸರೆತ್ತಿದರೆ ಮೊದಲು ಬರುವುದು ಪಶ್ಚಿಮದ ಸಾಂಗೋಲೆ. ಪೂರ್ವದಂಚಿನ, ಕನ್ನಡ ಮಾತಿನ ಅಕ್ಕಲಕೋಟೆಗೆ ಆ ಖ್ಯಾತಿ ಬಂದಿಲ್ಲ. ಇದಕ್ಕೆ ರೈತರ ಉತ್ಸಾಹದ ಕೊರತೆಯನ್ನು ಕಾರಣ ಮಾಡುವ ವಾದವನ್ನು ನಾನು ಒಪ್ಪುವುದಿಲ್ಲ. ಕಾರಣ ಕಾಲಡಿಯಲ್ಲಿದೆ. ತೆಳು ಗರಸು ನೆಲ ನೀರು ನಿಲ್ಲಿಸಿದ ನಾಲ್ಕೈದು ವಾರಕ್ಕೇ ಒಣಗುತ್ತದೆ. ಆಳವಾದ ಎರೆ ಭೂಮಿಯಲ್ಲಿ ಮೇಲ್ಪದರ ಬಿರುಕು ಬಿಟ್ಟರೂ ಬೇರಿಗೆ ತಳದಲ್ಲಿ ತೇವ ಸಿಗುತ್ತಲೇ ಇರುತ್ತದೆ. ಗಿಡ ಮಲಗುವುದೇ ಇಲ್ಲ. ಬಿರುಕು ದೊಡ್ಡದಾದರೆ ಸಣ್ಣ ಬೇರುಗಳು ಹರಿಯುವ ತೊಂದರೆ ಬೇರೆ. ತೊಗರಿ, ಹಿಂಗಾರಿ ಜೋಳ, ಕಡಲೆಗಳಿಗೆ ವರವಾದ ಎರೆಯ ಗುಣವೇ ಬಹಾರಕ್ಕೆ ಅಡ್ಡಿ.

ದ್ರಾಕ್ಷಿಯ ದಾರಿ ಇನ್ನೊಂದು. ಥಾಮ್ಸನ್ ಸೀಡ್‌ಲೆಸ್‌ನಿಂದ ಸೊನಾಕಾ ತಳಿಯನ್ನು ಆರಿಸಿ ಬೆಳೆಸಿದ ನಾನಾಸಾಹೇಬ ಕಾಳೆ ಉತ್ತರ ಸೊಲ್ಲಾಪುರದ ನಾನ್ನಜದವರು. ಇಲ್ಲಿಯೂ ವಿಜಯಪುರದಲ್ಲೂ ಬಳ್ಳಿಗೆ ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಎರಡು ಚಾಟ್ನಿ, ಫಸಲು ಒಂದೇ. ಅಕ್ಟೋಬರ್ ಚಾಟ್ನಿಯ ಬೆನ್ನಿಗೇ ಬಳ್ಳಿಯ ಕಣ್ಣುಗಳಿಗೆ (ಮೊಗ್ಗುಗಳಿಗೆ) ಹೈಡ್ರೋಜನ್ ಸೈನಮೈಡ್ ಹಚ್ಚುತ್ತಾರೆ. ಚಳಿ ಸಾಲದ ಪ್ರದೇಶಗಳಲ್ಲಿ ಸೇಬು, ಪೀಚ್ ಮೊಗ್ಗುಗಳನ್ನು ಎಬ್ಬಿಸಲು ಬಳಸುವುದೂ ಇದೇ ರಾಸಾಯನಿಕ. ಹಚ್ಚುವವರು ಆ ಹೊತ್ತಿಗೆ ಸಾರಾಯಿ ಕುಡಿದರೆ ಮೈ ಕೆಂಪೇರಿ, ಎದೆ ಬಡಿತ ಹೆಚ್ಚಿ ಅಪಾಯವಾಗುತ್ತದೆ. ಕೂಲಿಯವರಿಗೆ ಇದನ್ನು ಬಿಡಿಸಿ ಹೇಳುವುದು ಔಷಧಿಯ ಪ್ರಮಾಣ ಹೇಳಿದಷ್ಟೇ ಅಗತ್ಯ.

ಯಾರೂ ಬಲವಂತ ಮಾಡದೆ ಬೇಸಿಗೆಯಲ್ಲಿ ಮಲಗುವ ಗಿಡಗಳೂ ಇಲ್ಲಿವೆ. ಬೋರೆ ಬಿಸಿಲಿಗೆ ಎಲೆ ಕಳೆದುಕೊಳ್ಳುತ್ತದೆ. ಏಪ್ರಿಲ್–ಮೇದಲ್ಲಿ ಕಡಿದುಬಿಟ್ಟರೆ ಮುಂಗಾರಿಗೆ ಚಿಗುರಿ ಚಳಿಗಾಲದಲ್ಲಿ ಹಣ್ಣಾಗುತ್ತದೆ. ಸೀತಾಫಲವೂ ಬೇಸಿಗೆಯನ್ನು ಬೋಳಾಗಿಯೇ ಕಳೆಯುತ್ತದೆ. ಇದೇ ಜಿಲ್ಲೆಯ ಬಾರ್ಶಿ ತಾಲೂಕಿನ ಗೋರಮಾಳೆಯಲ್ಲಿ ನವನಾಥ ಕಸ್ಪಟೆ ರೂಪಿಸಿದ ಎನ್‌ಎಂಕೆ–1 ಗೋಲ್ಡನ್ ತಳಿ ಈಗ ಕರ್ನಾಟಕದಲ್ಲೂ ಹರಡಿದೆ. ಕಡಿಮೆ ಚಳಿಯ ಸೇಬಿನ ಸಸಿಗಳನ್ನು ಬಯಲುಸೀಮೆಗೆ ಮಾರುವ ಭರಾಟೆಯ ನಡುವೆ ಈ ಎರಡನ್ನು ಯಾರೂ ಹೊಗಳುವುದಿಲ್ಲ.

ಸೊಲ್ಲಾಪುರ, ವಿಜಯಪುರಗಳಲ್ಲಿ 1933ರ ಸುಮಾರಿಗೆ ಒಣಬೇಸಾಯದ ಸಂಶೋಧನೆ ಆರಂಭವಾದಾಗ ಎರೆಯಲ್ಲಿ ತೇವ ಉಳಿಸುವುದು ಹೇಗೆಂಬುದೇ ಪ್ರಶ್ನೆಯಾಗಿತ್ತು. ಹಿಂಗಾರಿ ಜೋಳಕ್ಕೆ ಬೇಕಾದದ್ದು ಅದೇ. ಬಹಾರದ ರೈತನಿಗೆ ಬೇಕಾದದ್ದು ಅದೇ ತೇವ ಎಷ್ಟು ದಿನಕ್ಕೆ ಕಳೆಯುತ್ತದೆ ಎಂಬ ಲೆಕ್ಕ. ಚಳಿ ನಾಡಿನವರು ಗಂಟೆ ಎಣಿಸುವಂತೆ, ಅಕ್ಕಲಕೋಟೆಯ ಎರೆ, ಮಸಾರಿ, ಗರಸು ನೆಲಗಳಲ್ಲಿ ಬೇರಿನ ಆಳದ ತೇವವನ್ನು ಅಕ್ಟೋಬರಿನಿಂದ ಜನವರಿಯವರೆಗೆ ವಾರವಾರ ಅಳೆದು, ಎಲೆ ಹಳದಿಯಾದ ದಿನದೊಡನೆ ಜೋಡಿಸಿಡಬೇಕು. ಮಣ್ಣು ಅಗೆಯುವ ಆಗರ್, ತೂಕದ ತಕ್ಕಡಿ, ಒಣಗಿಸುವ ಒಲೆ ಇದ್ದರೆ ತಾಲೂಕಿನ ಯಾವ ವಿಜ್ಞಾನ ಕಾಲೇಜೂ ಈ ಕೆಲಸ ಮಾಡಬಹುದು.