ಮುರಿದ ಕಾರಿನ ಬೆಲೆ

'ವಿಮೆ' ಎಂಬ ಮಾತನ್ನು ನಾವು ದಿನವೂ ಆಡುತ್ತೇವೆ. ಅದರ ಬೇರು ಪಾರಸಿಯ 'ಬೀಮ್' ಎಂಬ ಶಬ್ದದಲ್ಲಿದೆ ಎನ್ನುತ್ತಾರೆ, ಅರ್ಥ, ಭಯ. ಭಯದಿಂದ ಹುಟ್ಟಿದ ಮಾತು ಕಾಲಕ್ರಮದಲ್ಲಿ ನೆಮ್ಮದಿಯ ಹೆಸರಾಯಿತು. ಕನ್ನಡದ ಅಧ್ಯಾಪಕನಾದ ನನಗೆ ಶಬ್ದಗಳ ಇಂತಹ ಪ್ರಯಾಣದಲ್ಲಿ ಮೊದಲಿನಿಂದಲೂ ಆಸಕ್ತಿ. ಮೋಟಾರು ವಿಮೆಯ ಕಾಗದವೊಂದನ್ನು ಬಿಡಿಸಿ ಓದಿದರೆ ಅಲ್ಲಿರುವ ಮುಖ್ಯ ಮಾತುಗಳಲ್ಲಿ ಹಲವು ರಸ್ತೆಯಲ್ಲಿ ಹುಟ್ಟಿದವಲ್ಲವೆಂದು ತಿಳಿಯುತ್ತದೆ. ಅವು ಸಮುದ್ರದಿಂದ ದಡಕ್ಕೆ ಬಂದವು. ಈ ವಲಸೆಯ ಕಥೆಯನ್ನು ತಿಳಿಯದೆ, ಅಪಘಾತಕ್ಕೆ ಸಿಕ್ಕಿದ ಒಂದು ಹಳೆಯ ಕಾರಿಗೆ ಬೆಲೆ ಕಟ್ಟುವುದು ಏಕೆ ಇಷ್ಟು ತೊಡಕಿನ ಕೆಲಸವೆಂಬುದು ಅರ್ಥವಾಗುವುದಿಲ್ಲ.

ಹದಿನೇಳನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಟವರ್ ಬೀದಿಯಲ್ಲಿ ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಅಂಗಡಿಯಿತ್ತು. 1688ರ ಹೊತ್ತಿಗೆ ಅದರ ಹೆಸರು ದಾಖಲೆಯಲ್ಲಿ ಕಾಣಿಸುತ್ತದೆ. ಹಡಗಿನ ಒಡೆಯರು, ನಾವಿಕರು, ವರ್ತಕರು ಅಲ್ಲಿ ಸೇರುತ್ತಿದ್ದರು. ಹಡಗು ಮುಳುಗಿದರೆ ಇಷ್ಟು ಹಣ ಕೊಡುತ್ತೇನೆಂದು ಒಪ್ಪಿದವನು ಕರಾರಿನ ಕೆಳಗೆ ತನ್ನ ಹೆಸರು ಬರೆಯುತ್ತಿದ್ದ. ವಿಮೆ ಕೊಡುವವನನ್ನು ಇಂಗ್ಲಿಷಿನಲ್ಲಿ 'ಅಂಡರ್‌ರೈಟರ್', ಎಂದರೆ ಕೆಳಗೆ ಬರೆದವನು, ಎಂದು ಕರೆಯುವುದು ಇದರಿಂದಲೇ. ಈ ಅಂಗಡಿಯಿಂದ ಬೆಳೆದ ಲಾಯ್ಡ್ಸ್ ಸಂಸ್ಥೆ 1904ರಲ್ಲಿ ತನ್ನ ಮೊದಲನೆಯ ಮೋಟಾರು ಪಾಲಿಸಿಯನ್ನು ಕೊಟ್ಟಿತು. ಕಾರಿಗೆಂದು ಬೇರೆ ನಮೂನೆ ಆಗ ಇರಲಿಲ್ಲ. ಆದುದರಿಂದ ಕಾರನ್ನು ನೆಲದ ಮೇಲೆ ಸಾಗುವ ಹಡಗೆಂದು ಭಾವಿಸಿ ಪಾಲಿಸಿ ಬರೆದರೆಂದು ಆ ಸಂಸ್ಥೆಯವರು ತಮ್ಮ ಚರಿತ್ರೆಯಲ್ಲಿ ಹೇಳಿಕೊಂಡಿದ್ದಾರೆ. ಕೇಳುವುದಕ್ಕೆ ನಗೆ ಬರುತ್ತದೆ; ಆದರೆ ಆ ಭಾವನೆಯ ಗುರುತು ಇಂದಿಗೂ ಅಳಿಸಿಲ್ಲ.

ಉದಾಹರಣೆಗೆ 'ಸಾಲ್ವೇಜ್' ಎಂಬ ಮಾತನ್ನು ತೆಗೆದುಕೊಳ್ಳಿ. ಒಡೆದ ಹಡಗಿನಿಂದ ಉಳಿಸಿ ತಂದ ಸರಕಿಗೆ ಆ ಹೆಸರಿತ್ತು. ಈಗ ಅದು ಜಜ್ಜಿಹೋದ ಕಾರಿನ ಗುಜರಿಗೆ ಸಲ್ಲುತ್ತದೆ. 'ಟೋಟಲ್ ಲಾಸ್' ಎಂಬುದರ ಕಥೆ ಇನ್ನೂ ಸ್ವಾರಸ್ಯವಾದುದು. ಹಡಗು ಮುಳುಗಿಹೋದರೆ ನಷ್ಟ ಪೂರ್ಣವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ಎಲ್ಲಿಯೋ ಮರಳಿನಲ್ಲಿ ಸಿಕ್ಕಿಕೊಂಡು ಕಣ್ಣಿಗೆ ಕಾಣುತ್ತಿದ್ದು, ಎಳೆದು ತಂದು ದುರಸ್ತಿ ಮಾಡುವ ಖರ್ಚು ಅದರ ಬೆಲೆಯನ್ನೇ ಮೀರುವಂತಿದ್ದರೆ? ಅದನ್ನೂ ಮುಳುಗಿದಂತೆಯೇ ಎಣಿಸತಕ್ಕದ್ದೆಂದು ಸಮುದ್ರ ವರ್ತಕರು ಗೊತ್ತುಮಾಡಿಕೊಂಡಿದ್ದರು. ಇಂಗ್ಲೆಂಡಿನ 1906ರ ಸಾಗರ ವಿಮಾ ಕಾಯಿದೆ ಈ ಪದ್ಧತಿಯನ್ನು ಸೂತ್ರಗಳಲ್ಲಿ ಬರೆದಿಟ್ಟಿತು. ನಮ್ಮ ದೇಶದ 1963ರ ಕಾಯಿದೆ ಅದನ್ನೇ ಅನುಸರಿಸಿತು.

ಇನ್ನೊಂದು ಪದ್ಧತಿಯೂ ಹಡಗಿನಿಂದಲೇ ಬಂದದ್ದು. ಮರದ ಹಡಗಿನ ಹಳೆಯ ಹಲಗೆ ಮುರಿದು ಅಲ್ಲಿ ಹೊಸ ಹಲಗೆ ಕೂಡಿಸಿದರೆ ಒಡೆಯನಿಗೆ ಲಾಭವಾಯಿತಲ್ಲವೆ? ಆದುದರಿಂದ ದುರಸ್ತಿಯ ಖರ್ಚಿನಲ್ಲಿ ಮೂರನೆಯ ಒಂದು ಪಾಲನ್ನು 'ಹಳತಕ್ಕೆ ಹೊಸತು' ಎಂಬ ಬಾಬಿನಲ್ಲಿ ಕಳೆಯುವ ವಾಡಿಕೆಯಿತ್ತು. ಇದರ ಹಿಂದೆ ಒಂದು ತತ್ತ್ವವಿದೆ. 1883ರಲ್ಲಿ ಕ್ಯಾಸ್ಟೆಲೇನ್ ಮತ್ತು ಪ್ರೆಸ್ಟನ್ ಎಂಬುವರ ವ್ಯಾಜ್ಯದಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಅದನ್ನು ಸ್ಪಷ್ಟಪಡಿಸಿತು. ವಿಮೆ ನಷ್ಟವನ್ನು ಪೂರ್ತಿಯಾಗಿ ತುಂಬಿಕೊಡಬೇಕು. ಅದಕ್ಕಿಂತ ಒಂದು ಕಾಸನ್ನೂ ಹೆಚ್ಚಾಗಿ ಕೊಡಬಾರದು. ವಿಮೆ ಜೂಜಾಗದಂತೆ ಕಾದಿರುವುದು ಈ ತತ್ತ್ವವೇ.

ದಿನನಿತ್ಯ ಓಡಾಡುವ ಕಾರಿಗೆ ಇದು ನ್ಯಾಯವಾದ ಲೆಕ್ಕ. ಅಂತಹ ಕಾರು ಅಂಗಡಿಯ ಬಾಗಿಲು ದಾಟಿದ ದಿನದಿಂದ ಬೆಲೆಯಲ್ಲಿ ಇಳಿಯುತ್ತ ಹೋಗುತ್ತದೆ. ಆದರೆ ಕೆಲವು ಕಾರುಗಳಿಗೆ ಒಂದು ಗಡಿ ದಾಟಿದ ಮೇಲೆ ಬೆಲೆ ತಿರುಗಿ ಏರತೊಡಗುತ್ತದೆ. ಮುಪ್ಪೇ ಅವುಗಳ ಸಂಪತ್ತು. ಇಳಿಯುವ ಬೆಲೆಗೆಂದು ಹಾಕಿದ ಲೆಕ್ಕ ಏರುವ ಬೆಲೆಗೆ ಹೊಂದುವುದಾದರೂ ಹೇಗೆ?

ನಮ್ಮ ದೇಶದ ಲೆಕ್ಕವನ್ನು ನೋಡೋಣ. 1939ರ ಮೋಟಾರು ವಾಹನ ಕಾಯಿದೆಯ ವಿಮೆಯ ಅಧ್ಯಾಯ 1946ರಲ್ಲಿ ಜಾರಿಗೆ ಬಂದಿತು. ಅದರ ಸ್ಥಾನವನ್ನು 1988ರ ಕಾಯಿದೆ ತೆಗೆದುಕೊಂಡಿತು. ಈ ಕಾಯಿದೆಗಳು ಕಡ್ಡಾಯ ಮಾಡಿದ್ದು ಪರರಿಗೆ ಆಗುವ ಹಾನಿಯ ವಿಮೆಯನ್ನು ಮಾತ್ರ. ತನ್ನ ಕಾರಿನ ಹಾನಿಗೆ ವಿಮೆ ಮಾಡಿಸುವುದು ಒಡೆಯನ ಇಷ್ಟ. ಅದರ ನಿಯಮಗಳನ್ನು 2002ರ ಮೋಟಾರು ಸುಂಕಪಟ್ಟಿಯಲ್ಲಿ ವಿವರವಾಗಿ ಬರೆದರು. ಅದರಂತೆ ಹತ್ತು ವರ್ಷ ಮೀರಿದ ಕಾರಿನ ಲೋಹದ ಭಾಗ ಬದಲಾಯಿಸಿದರೆ ಬೆಲೆಯ ಅರ್ಧ ಭಾಗವನ್ನು ಕಳೆಯಬೇಕು. ರಬ್ಬರು, ಪ್ಲಾಸ್ಟಿಕ್ಕು, ಟೈರು, ಬ್ಯಾಟರಿಗಳಿಗೆ ವಯಸ್ಸು ಎಷ್ಟಿದ್ದರೂ ಅರ್ಧ. ಗಾಜಿಗೆ ಮಾತ್ರ ಏನನ್ನೂ ಕಳೆಯುವಂತಿಲ್ಲ. ಗಾಜಿಗೆ ಮುಪ್ಪಿಲ್ಲವೆಂದು ಭಾವಿಸಿದರೋ ಏನೋ! ಐದು ವರ್ಷ ದಾಟಿದ ಕಾರಿನ ಒಟ್ಟು ಬೆಲೆಯನ್ನು ಒಡೆಯನೂ ಕಂಪನಿಯೂ ಮಾತನಾಡಿ ಒಪ್ಪಿಕೊಳ್ಳಬೇಕು. ದುರಸ್ತಿಯ ಖರ್ಚು ಹಾಗೆ ಒಪ್ಪಿದ ಬೆಲೆಯ ನೂರಕ್ಕೆ 75 ಭಾಗವನ್ನು ಮೀರಿದರೆ ಕಾರು ಮರಳಿನಲ್ಲಿ ಹೂತ ಹಡಗಿನಂತೆ; ಪೂರ್ಣನಷ್ಟವೆಂದೇ ಲೆಕ್ಕ.

ನನ್ನ ಹಿರಿಯ ಸ್ನೇಹಿತರೊಬ್ಬರ ಬಳಿ 1960ರ ದಶಕದ ಒಂದು ಫಿಯೆಟ್ ಕಾರಿದೆ. ಅವರ ತಂದೆ ಕೊಂಡದ್ದು. ಕೆಲವು ವರ್ಷಗಳ ಹಿಂದೆ ಅಡ್ಡರಸ್ತೆಯಿಂದ ನುಗ್ಗಿದ ಟೆಂಪೋ ಒಂದು ಅದರ ಎಡಮಗ್ಗುಲಿಗೆ ಅಪ್ಪಳಿಸಿತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಬಾಗಿಲು, ಮಡ್‌ಗಾರ್ಡು, ದೀಪದ ಬಳೆ, ಬಂಪರು ಎಲ್ಲವೂ ಜಜ್ಜಿಹೋದವು. ಟೆಂಪೋದವನ ವಿಮಾ ಕಂಪನಿಯ ಮೇಲೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದಾಗಿತ್ತು. ಕೋರ್ಟು ಹತ್ತುವ ವಯಸ್ಸು ತಮ್ಮದಲ್ಲವೆಂದು ಅವರು ತಮ್ಮ ಪಾಲಿಸಿಯನ್ನೇ ಹಿಡಿದು ಹೊರಟರು. ಆ ಪಾಲಿಸಿಯಲ್ಲಿ ಕಾರಿನ ಬೆಲೆ 60,000 ರೂಪಾಯಿ ಎಂದಿತ್ತು. ಗ್ಯಾರೇಜಿನವನ ಅಂದಾಜು, ಭಾಗಗಳಿಗೆ 30,000, ಕೂಲಿ ಮತ್ತು ಬಣ್ಣಕ್ಕೆ 40,000. ಭಾಗಗಳಲ್ಲಿ ಅರ್ಧ ಕಳೆದರೂ, ಬಣ್ಣದಲ್ಲಿ ಸ್ವಲ್ಪ ಕಳೆದರೂ, ಮೊತ್ತ 50,000ಕ್ಕೆ ಮೇಲೆಯೇ ನಿಂತಿತು. ಗಡಿ 45,000. ಸರ್ವೇಯರು ಸಜ್ಜನರು, ಲೆಕ್ಕವನ್ನು ತೋರಿಸಿ, "ಇದು ಟೋಟಲ್ ಲಾಸ್ ಸ್ವಾಮಿ, ನಾನೇನು ಮಾಡಲಿ?" ಎಂದರು. ನನ್ನ ಸ್ನೇಹಿತರು, "ನಷ್ಟ ಆಗಿರುವುದು ಒಂದು ಮಗ್ಗುಲಿಗೆ. ಇನ್ನೊಂದು ಮಗ್ಗುಲು ಬಂದು ನೋಡಿ" ಎಂದರು.

ಆ ಕಾರನ್ನು ಮೂರು ಲಕ್ಷಕ್ಕೆ ಕೇಳಿದವರು ಹಿಂದೆಯೇ ಇದ್ದರು. ಆದರೆ ಅದು ಯಾವ ಕಾಗದದಲ್ಲಿಯೂ ಇರಲಿಲ್ಲ. ಕೊನೆಗೆ ಗುಜರಿಯ ಬೆಲೆ 20,000 ಎಂದು ಗೊತ್ತುಮಾಡಿ, ಅದನ್ನೂ ಪಾಲಿಸಿದಾರನೇ ಹೊರಬೇಕಾದ ಒಂದು ಸಣ್ಣ ಮೊತ್ತವನ್ನೂ ಕಳೆದು, ಕಾರನ್ನು ಅವರಿಗೇ ಬಿಟ್ಟುಕೊಟ್ಟರು. ಮಿಕ್ಕ ಹಣವನ್ನು ಅವರು ಕೈಯಿಂದ ಹಾಕಿ ದುರಸ್ತಿ ಮಾಡಿಸಿದರು. ಬೆಂಗಳೂರಿನ ಜೆ. ಸಿ. ರಸ್ತೆಯನ್ನೆಲ್ಲ ಸುತ್ತಿದರೂ ದೀಪದ ಬಳೆ ಸಿಗಲಿಲ್ಲ. ವಯಸ್ಸಾದ ಟಿಂಕರ್ ಮೇಸ್ತ್ರಿಯೊಬ್ಬರು ಹಳೆಯ ಬಳೆಯನ್ನೇ ಮರದ ಅಚ್ಚಿನ ಮೇಲಿಟ್ಟು, ಎರಡು ದಿನ ಮೆಲ್ಲಗೆ ತಟ್ಟಿ ಮೊದಲಿನ ಆಕಾರಕ್ಕೆ ತಂದರು. ಹೊಸ ಭಾಗಕ್ಕೆ ಅರ್ಧ ಕಳೆಯುವ ಕೋಷ್ಟಕವಿದೆ. ಹಳೆಯದನ್ನು ಉಳಿಸಿಕೊಟ್ಟ ಕೈಗೆ ಬೆಲೆ ಕಟ್ಟುವ ಕೋಷ್ಟಕವಿಲ್ಲ.

ಇನ್ನು ದುರಸ್ತಿಯ ಒಳಗಿರುವ ದೊಡ್ಡ ಪ್ರಶ್ನೆಗೆ ಬರೋಣ. ಎಷ್ಟು ಭಾಗ ಬದಲಾದ ಮೇಲೆ ಕಾರು ಬೇರೆಯ ಕಾರಾಗುತ್ತದೆ? ಥೀಸಿಯಸನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಾಯಿಸಿದ ಮೇಲೆ ಅದು ಅದೇ ಹಡಗೇ ಎಂಬ ತತ್ತ್ವಜ್ಞರ ಚರ್ಚೆಯನ್ನು ಪ್ಲೂಟಾರ್ಕನು ದಾಖಲಿಸಿದ್ದಾನೆ. ಇಲ್ಲಿಯೂ ಹಡಗೇ ಮುಂದೆ! ಈ ಪ್ರಶ್ನೆ 1990ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಕಟ್ಟೆ ಹತ್ತಿತು. 1929 ಮತ್ತು 1930ರ ಲೆ ಮಾನ್ ಸ್ಪರ್ಧೆಗಳನ್ನು ಗೆದ್ದ 'ಓಲ್ಡ್ ನಂಬರ್ ಒನ್' ಎಂಬ ಬೆಂಟ್ಲಿ ಕಾರಿತ್ತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಂದ್ಯದಲ್ಲಿ ಅದು ಓಟದ ದಂಡೆಯನ್ನು ಹಾರಿ ಬಿದ್ದು, ಚಾಲಕ ಕ್ಲೈವ್ ಡನ್‌ಫೀ ಪ್ರಾಣ ಕಳೆದುಕೊಂಡ. ಆ ಹೊತ್ತಿಗಾಗಲೇ ಅದಕ್ಕೆ ಬೇರೆ ಎಂಜಿನ್ ಕೂಡಿಸಿದ್ದರು. ಅಪಘಾತದ ಮೇಲೆ ಬೇರೆ ಮೈಯನ್ನೂ ಕಟ್ಟಿದರು. ಎಷ್ಟೋ ವರ್ಷಗಳ ಅನಂತರ ಹಬರ್ಡ್ ಎಂಬ ಒಡೆಯ ಅದನ್ನು ಒಂದು ಕೋಟಿ ಪೌಂಡಿನ ಒಪ್ಪಂದಕ್ಕೆ ಮಾರಲು ಹೊರಟಾಗ, ಇದು ಆ ಕಾರೇ ಅಲ್ಲವೆಂದು ಕೊಳ್ಳುವವರು ಹಿಂದೆಗೆದರು. 1929ರ ಭಾಗಗಳು ಅದರಲ್ಲಿ ಉಳಿದದ್ದು ಅತ್ಯಲ್ಪವೆಂಬುದು ನಿಜವೇ. ಆದರೆ ನ್ಯಾಯಮೂರ್ತಿ ಆಟನ್ ಕಾರಿನ ಚರಿತ್ರೆಯನ್ನು ನೋಡಿದರು. ಅದು ಒಂದು ದಿನವೂ ಕಡಿಯದೆ ಸಾಗಿಬಂದಿದೆ. ಆ ಹೆಸರಿಗೆ ಹಕ್ಕುದಾರನಾದ ಬೇರೆ ಕಾರು ಯಾವುದೂ ಇಲ್ಲ. ಆದುದರಿಂದ ಆ ಹೆಸರು ಇದರದೇ ಎಂದು ತೀರ್ಪಿತ್ತರು. ನಮ್ಮೂರುಗಳ ತೇರಿನ ಗಾಲಿ, ಅಚ್ಚುಗಳನ್ನು ಎಷ್ಟು ಸಲ ಬದಲಾಯಿಸಿಲ್ಲ? ತೇರು ಬೇರೆಯಾಯಿತೆಂದು ಯಾರಾದರೂ ಹೇಳಿದ್ದುಂಟೆ?

ಬೆಲೆಯ ವಿಷಯದಲ್ಲಿ ಇನ್ನೊಂದು ಇಂಗ್ಲಿಷ್ ನಿದರ್ಶನವಿದೆ. ಹಾಸ್ಯನಟ ರೋವನ್ ಆಟ್ಕಿನ್‌ಸನ್ನರ ಮೆಕ್ಲಾರೆನ್ ಎಫ್-1 ಕಾರು 2011ರಲ್ಲಿ ಮರಕ್ಕೆ ಹೊಡೆದು ನುಚ್ಚುನೂರಾಯಿತು. ವಿಮಾ ಕಂಪನಿ ದುರಸ್ತಿಗೆಂದೇ 9,10,000 ಪೌಂಡು ಕೊಟ್ಟಿತು. ಅವರು ಆ ಕಾರನ್ನು ಕೊಂಡಿದ್ದ ಬೆಲೆ ಇದಕ್ಕಿಂತ ಕಡಮೆ! ಆದರೂ ಅದನ್ನು ಗುಜರಿಗೆ ಹಾಕಲಿಲ್ಲ. ಏಕೆಂದರೆ ಅಷ್ಟು ವರ್ಷಗಳಲ್ಲಿ ಕಾರಿನ ಬೆಲೆ ದುರಸ್ತಿಯ ಖರ್ಚನ್ನು ಬಹುದೂರ ಮೀರಿ ಏರಿತ್ತು. 2015ರಲ್ಲಿ ಅದು ಸುಮಾರು 80 ಲಕ್ಷ ಪೌಂಡಿಗೆ ಮಾರಾಟವಾಯಿತು. ನನ್ನ ಸ್ನೇಹಿತರ ಫಿಯೆಟ್ಟಿಗೂ ಆ ಕಾರಿಗೂ ಆನೆ-ಆಡಿನ ಅಂತರ. ಆದರೆ ತತ್ತ್ವ ಒಂದೇ. ಎದುರಿಗಿಟ್ಟ ಬೆಲೆ ನಿಜವಾಗಿದ್ದರೆ ಉಳಿಸುವುದು ಲಾಭ. ಕಾಗದದ ಬೆಲೆ ಸಣ್ಣದಾಗಿದ್ದರೆ ಉಳಿಸುವುದೇ ನಷ್ಟ.

ಸಮುದ್ರದ ವರ್ತಕರು ಇದಕ್ಕೂ ಮದ್ದು ಕಂಡುಕೊಂಡಿದ್ದರು. ಹಡಗಿನ ಬೆಲೆಯನ್ನು ಮೊದಲೇ ಒಪ್ಪಿ ಪಾಲಿಸಿಯಲ್ಲಿ ಬರೆದುಬಿಡುವುದು. ಮೋಸವಿಲ್ಲದ ಪಕ್ಷದಲ್ಲಿ ಆ ಅಂಕಿಯೇ ಅಂತಿಮ. ಇಂಗ್ಲೆಂಡು, ಅಮೆರಿಕಗಳಲ್ಲಿ ಪುರಾತನ ಕಾರುಗಳ ವಿಮೆ ಹೆಚ್ಚಾಗಿ ನಡೆಯುವುದು ಈ ಬಗೆಯ ಒಪ್ಪಿದ ಬೆಲೆಯ ಮೇಲೆ. ನಮ್ಮ ಪಾಲಿಸಿಯಲ್ಲಿಯೂ ಮಾತನಾಡಿ ಬೆಲೆ ಕಟ್ಟಲು ಅವಕಾಶವಿದೆಯೆಂದು ಮೇಲೆಯೇ ಹೇಳಿದೆ. ಆದರೆ ಆ ಮಾತುಕತೆಯನ್ನು ಕಂತು ಕಟ್ಟುವ ದಿನವೇ ನಡೆಸಬೇಕು, ಕಾರು ಜಜ್ಜಿಹೋದ ಮೇಲಲ್ಲ. ಕಂತು ಕಡಮೆಯಾಗಲೆಂದು ಬೆಲೆಯನ್ನು ಕಡಮೆ ಬರೆಸುವವರು ನಮ್ಮಲ್ಲಿ ಬಹಳ. ಬಲ್ಲವರಿಂದ ಪಡೆದ ಬೆಲೆಪತ್ರ, ನಾಲ್ಕು ಕಡೆಯ ಛಾಯಾಚಿತ್ರ, ಹಿಂದಿನ ದುರಸ್ತಿಯ ರಸೀದಿಗಳು ಇವು ಕೈಯಲ್ಲಿದ್ದರೆ ಸರ್ವೇಯರನಿಗೂ ಅನುಕೂಲ.

ಸರ್ಕಾರದ ಗಮನ ಈ ಕಡೆ ಹರಿಯದೆ ಇಲ್ಲ. 2002ರ ಸುಂಕಪಟ್ಟಿ 1940ನೆಯ ಇಸವಿಯೊಳಗೆ ತಯಾರಾಗಿ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರ ಪಡೆದ ಕಾರುಗಳಿಗೆ ಸ್ವಂತ ಹಾನಿಯ ಕಂತಿನಲ್ಲಿ ನೂರಕ್ಕೆ 25ರ ರಿಯಾಯಿತಿ ಕೊಟ್ಟಿತು. ಫಿಯೆಟ್ಟಿನಂತಹವು ಆ ಗೆರೆಯ ಹೊರಗೇ ಉಳಿದವು. 2021ರ ನಿಯಮಗಳು 50 ವರ್ಷ ದಾಟಿದ ವಾಹನಗಳಿಗೆ 'ವಿಎ' ಎಂಬ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿಯನ್ನು ತಂದವು. ಆದರೆ ಚಾಸಿ, ಮೈ, ಎಂಜಿನ್ನುಗಳಲ್ಲಿ ಮಾರ್ಪಾಡಾಗದೆ ಮೂಲ ರೂಪದಲ್ಲಿ ಇರಬೇಕೆಂಬುದು ಅದರ ಕರಾರು. ನಿತ್ಯದ ಓಡಾಟಕ್ಕೂ ಅವಕಾಶವಿಲ್ಲ. ಬೆಂಟ್ಲಿಯ ತೀರ್ಪನ್ನು ಓದಿದವರಿಗೆ ಇಲ್ಲಿ ಒಂದು ವಿಚಾರ ಹೊಳೆಯದೆ ಇರದು. ಆ ನ್ಯಾಯಮೂರ್ತಿ ಕಾರಿನ ಬಾಳನ್ನು ನೋಡಿದರು. ನಮ್ಮ ನಿಯಮ ಕಾರಿನ ಕಬ್ಬಿಣವನ್ನು ನೋಡುತ್ತದೆ.

ಕಬ್ಬಿಣವನ್ನು ನೋಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಅಳತೆಗೆ ಸಿಗುವುದು ಅದೇ. ಕಾಫಿ ಅಂಗಡಿಯಲ್ಲಿ ಕುಳಿತು ಹಡಗಿಗೆ ಬೆಲೆ ಕಟ್ಟಿದ ವರ್ತಕರೂ ಭಾವುಕರಾಗಿರಲಿಲ್ಲ. ಆದರೆ ಒಡೆಯನ ಬಾಯಿಂದ ಅವನ ಹಡಗಿನ ಬೆಲೆಯನ್ನು ಮೊದಲು ಕೇಳಿ, ಒಪ್ಪಿ, ಅನಂತರ ಕೆಳಗೆ ತಮ್ಮ ಹೆಸರನ್ನು ಬರೆಯುತ್ತಿದ್ದರು. ಸಮುದ್ರದಿಂದ ಅಷ್ಟೊಂದು ಮಾತುಗಳನ್ನು ಎರವಲು ತಂದ ನಾವು, ಆ ಕೇಳುವ ಸೌಜನ್ಯವನ್ನೂ ಜೊತೆಗೆ ತಂದಿದ್ದರೆ ಚೆನ್ನಾಗಿತ್ತು.