ಸ್ಪೇನ್ ದೊರೆಯ ಊರು, ಒಂದು ರಾತ್ರಿ ಬಸ್ಸಿನ ದೂರ

1/7 · ಬ್ಯಾಗ್ ಕಟ್ರಿ

ದೋಸ್ತ್ರ, ಬಾರ್ಸಿಲೋನಾ, ವೆಲೆನ್ಸಿಯಾ, ಮಾಲಗಾ ಅಂತ ರೀಲ್ ನೋಡಿ ನೋಡಿ ಹೆಬ್ಬೆರಳು ಸವೆದಾವಲ್ಲ? ಇಬ್ಬರು ಗೆಳೆಯರು, ಬೆನ್ನಿಗೊಂದು ಬ್ಯಾಗು, ಕಡಿಮಿ ರೊಕ್ಕದ ಹಾಸ್ಟೆಲ್ಲು, ಸಮುದ್ರದ ದಂಡಿ, ಹಳೇ ಚರ್ಚು. ಆಸೆ ಎಲ್ಲಾರಿಗೂ ಐತಿ. ಆದ್ರ ವೀಸಾ, ವಿಮಾನ ಅಂತ ಲೆಕ್ಕ ಹಾಕಿದ್ರ ಒಂದು ವರ್ಷದ ದ್ರಾಕ್ಷಿ ರೊಕ್ಕ ಪೂರಾ ಅದಕ್ಕ ಹೋಗ್ತೈತಿ.

ಅದಕ್ಕ ಇದನ್ನ ಕೇಳ್ರಿ. 1580ರಿಂದ 1640ರವರೆಗೆ ಸ್ಪೇನಿನ ದೊರೆಯೇ ಪೋರ್ಚುಗಲ್ಲಿಗೂ ದೊರೆಯಾಗಿದ್ದ. ಹಾಗಾಗಿ ಪೋರ್ಚುಗೀಸರ ಕೈಯಲ್ಲಿದ್ದ ಗೋವೆಗೂ ಅವನೇ ದೊರೆ. ಊರಿನಲ್ಲಿ ಅಧಿಕಾರ ನಡೆಸಿದವರು ಪೋರ್ಚುಗೀಸರೇ, ಆದರೆ ಅವರು ತಲೆಬಾಗುತ್ತಿದ್ದ ಸಿಂಹಾಸನ ಸ್ಪೇನಿನದು. ಅದೇ 1580ರಲ್ಲಿ ನಮ್ಮ ವಿಜಯಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹ ಗಾದಿಗೆ ಬಂದ. ಸಾಲಿ ಟ್ರಿಪ್ಪಿನಾಗ ನೋಡಿದ ಇಬ್ರಾಹಿಂ ರೋಜಾ ಮೇಲೇಳುವ ಹೊತ್ತಿಗೆ ನಮ್ಮ ಪಡುವಣದ ಬಾಜೂ ಮನೆಯವ ಸ್ಪೇನಿನ ರಾಜ!

ಬಿಜ್ಜರಗಿಯಿಂದ ತಿಕೋಟಾಕ್ಕ ಬರ್ರಿ. ತೆಲಸಂಗ, ಅಥಣಿ ದಾಟಿ ಬೆಳಗಾವಿ. ಅಲ್ಲಿಂದ ಚೋರ್ಲಾ ಘಾಟ್ ಇಳಿದ್ರ ಸಾಂಖಳಿ, ಮುಂದ ಪಣಜಿ. ಒಂದು ರಾತ್ರಿ ಬಸ್ಸಿನ ಹಾದಿ, ಅಷ್ಟ.

ಬೀಚ್ ಪಟ್ಟಿ ಬೇಕಾದಷ್ಟು ಮಂದಿ ಹಾಕ್ಯಾರ, ನಾ ಹಾಕೂದಿಲ್ಲ. ಈ ಹಾದಿ ಮ್ಯಾಲೆ 500 ವರ್ಷದಿಂದ ಏನೇನು ಹತ್ತಿ ಇಳಿದಾವ ಅನ್ನೂದು ಹೇಳ್ತೀನಿ. ಅಲ್ಲಿ ಯಾರರ ನಿಮ್ಮ ಮಾತು ಕೇಳಿ ‘ಘಾಟಿ’ ಅಂದ್ರ, ತಲಿ ತಗ್ಗಿಸೂ ಮೊದಲ ಈ ಏಳು ಪೋಸ್ಟ್ ನೆನಪಾಗಲಿ.

2/7 · ಬಸ್ಸಿನ ಮ್ಯಾಲಿನ ಹೆಸರು

ಪಣಜಿಯಾಗ ಇಳಿದ ಕೂಡಲೆ ಸರ್ಕಾರಿ ಬಸ್ಸಿನ ಮ್ಯಾಲೆ ಏನು ಬರದೈತಿ ನೋಡ್ರಿ: ‘ಕದಂಬ’. ಗೋವಾ ಸರ್ಕಾರದ ಸಾರಿಗೆ ಸಂಸ್ಥೆಗೆ ಇಟ್ಟಿದ್ದು ಗೋವಾ ಕದಂಬರ ಹೆಸರು. ಅವರ ಶಾಸನಗಳಲ್ಲಿ ಕನ್ನಡ ಇದೆ. ಖಾನಾಪುರ ತಾಲೂಕಿನ ಹಲಸಿ ಅವರ ಇನ್ನೊಂದು ರಾಜಧಾನಿ. ಅಂದ್ರ ಘಟ್ಟದ ಕೆಳಗೊಂದು ಗಾದಿ, ಘಟ್ಟದ ಮ್ಯಾಲೊಂದು ಗಾದಿ. ಆ ಕಾಲಕ್ಕ ಘಟ್ಟ ಗೋಡಿ ಆಗಿರಲಿಲ್ಲ, ಬಾಗಿಲಾಗಿತ್ತು.

ಮುಂದೆ ಗೋವೆ ವಿಜಯನಗರದ ಕೈಗೆ ಹೋಯಿತು. 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಅದನ್ನು ಗೆದ್ದ. ಬೀದರಿನ ಮದರಸಾ ಕಟ್ಟಿಸಿದವನೂ ಅವನೇ. ಬಹಮನಿ ರಾಜ್ಯ ಒಡೆದಾಗ, 1490ರ ಸುಮಾರಿಗೆ, ವಿಜಯಪುರದಲ್ಲಿ ನೆಲೆಯೂರಿದ ಯೂಸುಫ್ ಆದಿಲ್ ಖಾನನ ಪಾಲಿಗೆ ಗೋವೆ ಬಂತು.

ಒಣ ಬಯಲಿನ ದೊರೆಗೆ ಸಮುದ್ರ ಯಾಕ ಬೇಕು? ಒಂದು ಮಾತಿನಾಗ ಉತ್ತರ: ಕುದುರಿ. ದಖ್ಖನಿನ ಹವೆಯಲ್ಲಿ ಒಳ್ಳೆಯ ಯುದ್ಧದ ಕುದುರೆ ಬೆಳೆಸುವುದು ಕಷ್ಟ. ಅರಬಸ್ತಾನದಿಂದ, ಹೊರ್ಮುಜಿನಿಂದ ಹಡಗಿನಲ್ಲೇ ತರಬೇಕು. ಯಾರ ಬಂದರಿನಲ್ಲಿ ಕುದುರೆ ಇಳಿಯುತ್ತದೋ ಅವರ ಸೈನ್ಯ ಗಟ್ಟಿ, ಮೇಲೆ ಸುಂಕದ ಲಾಭ.

ಎರಡನೇ ಫೋಟೋದಾಗ ಮಾಂಡೋವಿ ನದಿ ದಂಡಿಗೆ ಇರೂ ಉದ್ದನ ಕಟ್ಟಡ ನೋಡ್ರಿ. ಅದರ ಹೆಸರು ಇವತ್ತಿಗೂ ಆದಿಲ್ ಶಾಹ ಅರಮನಿ. ಯೂಸುಫನ ಕಾಲದಲ್ಲಿ ಶುರುವಾದ ಕಟ್ಟಡವನ್ನು ಪೋರ್ಚುಗೀಸರು ತಮಗೆ ಬೇಕಾದಂತೆ ತಿದ್ದಿ ಕಟ್ಟಿದರು. 1759ರಿಂದ ಅವರ ವೈಸ್‌ರಾಯ್ ಇಲ್ಲಿದ್ದ. ಆಮೇಲೆ ಸಚಿವಾಲಯ, 2000ದವರೆಗೆ ಗೋವಾ ವಿಧಾನಸಭೆ. ಹೊರಗ ನಿಂತು ನೋಡಾಕ ಒಂದು ಪೈಸಾ ಕೊಡೂದು ಬ್ಯಾಡ.

3/7 · ಆ ಕಾಲದ ಬ್ಯಾಕ್‌ಪ್ಯಾಕರ್

ದೋಸ್ತನ ಜೋಡಿ ಕಡಿಮಿ ಖರ್ಚಿನಾಗ ಊರೂರು ತಿರುಗೂದು ನಾವು ಕಂಡುಹಿಡಿದಿದ್ದಲ್ಲ. ಇಟಲಿಯ ಬೊಲೊನ್ಯಾದಿಂದ ಬಂದ ಲುದೊವಿಕೊ ದಿ ವರ್ತೆಮಾ ಅನ್ನಾಂವ ಇದನ್ನ 500 ವರ್ಷದ ಹಿಂದೆ ಮಾಡ್ಯಾನ.

1502ರಲ್ಲಿ ಊರು ಬಿಟ್ಟ. ಕೈಯಲ್ಲಿ ದೊಡ್ಡ ಗಂಟು ಇರಲಿಲ್ಲ. ಸಿರಿಯಾದಲ್ಲಿ ಸೈನಿಕನ ವೇಷ ಹಾಕಿ, ಯೂನುಸ್ ಅಂತ ಹೆಸರು ಹೇಳಿಕೊಂಡು ಮೆಕ್ಕಾ ನೋಡಿದ. ಪರ್ಷಿಯಾದಲ್ಲಿ ಒಬ್ಬ ವ್ಯಾಪಾರಿ ಗಂಟುಬಿದ್ದ. ಇಬ್ಬರಿಗೂ ಎಷ್ಟು ಹೊಂದಿತು ಅಂದ್ರ, ವ್ಯಾಪಾರಿ ತನ್ನ ಮನಿ ಹುಡುಗಿಯನ್ನೇ ಕೊಟ್ಟು ಲಗ್ನ ಮಾಡ್ತೀನಿ ಅಂದ. ವ್ಯಾಪಾರಿಯ ಹಣ, ವರ್ತೆಮಾನ ಧೈರ್ಯ. ಹೀಗೆ ಜೋಡಿಯಾಗಿ ಖಂಭಾತ್, ಚೌಲ್, ದಾಭೋಳ್ ಮುಟ್ಟಿ ಗೋವೆಗೆ ಬಂದರು.

ಗೋವೆಯಿಂದ ಏಳು ದಿನ ಒಳನಾಡಿಗೆ ಪ್ರಯಾಣ ಮಾಡಿ ದಖ್ಖನಿನ ರಾಜಧಾನಿ ಸೇರಿದೆ ಅಂತ ಅವನು ಬರೆಯುತ್ತಾನೆ. ಅದು ನಮ್ಮ ಊರು, ವಿಜಯಪುರ. ಗೋಳಗುಮ್ಮಟ ಇನ್ನೂ ನೂರಕ್ಕೂ ಹೆಚ್ಚು ವರ್ಷ ದೂರ. ಆದರೂ ಗೋಡೆ ಸುತ್ತಿದ ಊರು, ಚೆಂದದ ಮನೆಗಳು ಅವನ ಕಣ್ಣು ಸೆಳೆದವು. ದೊರೆಯ ಸೇವಕರ ಕಾಲಿನ ಜೋಡಿನ ಮ್ಯಾಲೆ ವಜ್ರ, ಮಾಣಿಕ್ಯ ಇದ್ದುವಂತ! ಸ್ವಲ್ಪ ಹೆಚ್ಚು ಮಾಡಿ ಹೇಳಿರಬಹುದು, ತಿರುಗಾಡೋ ಮಂದಿ ಆಗಲೂ ಹಂಗ, ಈಗಲೂ ಹಂಗ. ಅವರು ಅಲ್ಲಿಂದ ಭಟ್ಕಳ, ಮುಂದೆ ವಿಜಯನಗರ.

ಅವನ ಪುಸ್ತಕ ರೋಮಿನಲ್ಲಿ ಅಚ್ಚಾಗಿದ್ದು 1510ರಲ್ಲಿ. ಯುರೋಪಿನವರು ಗೋವೆಯನ್ನ ವಿಜಯಪುರದ ಬಂದರು ಅಂತ ಓದುವ ಹೊತ್ತಿಗೆ, ಆ ಬಂದರು ನಮ್ಮ ಕೈ ತಪ್ಪುತ್ತಿತ್ತು.

4/7 · 1510

ಹಳೇ ಗೋವಾ ಪಣಜಿಯಿಂದ ಸುಮಾರು 10 ಕಿ.ಮೀ. ಲೋಕಲ್ ಬಸ್ ಹತ್ರಿ. ಎಲ್ಲಾರೂ ಬಾಮ್ ಜೀಸಸ್ ಬಸಿಲಿಕಾದ ಕಡೆ ಹೊಂಟ್ರ, ನೀವು ಮೊದಲ ಸೇಂಟ್ ಕಜೆತಾನ್ ಚರ್ಚಿನ ಮುಂದ ನಿಂದರ್ರಿ. ನಾಲ್ಕನೇ ಫೋಟೋದಾಗಿನ ಕಪ್ಪು ಕಲ್ಲಿನ ಬಾಗಿಲು ಅಲ್ಲೇ ಐತಿ. ಯೂಸುಫ್ ಆದಿಲ್ ಶಾಹನ ಅರಮನೆಯಿಂದ ಉಳಿದದ್ದು ಅದೊಂದೇ.

1510ರ ಆರಂಭದಲ್ಲಿ ಆಲ್ಬುಕರ್ಕ್ ಹಡಗು ತಂದು ಹೆಚ್ಚು ಜಗಳವಿಲ್ಲದೆ ಗೋವೆ ಹಿಡಿದ. ದಾರಿ ತೋರಿಸಿದವನು ಹೊನ್ನಾವರದ ಕಡೆಯ ಕಡಲಾಳು ತಿಮೋಜ. ಊರಿನ ಹಲವರು ಆದಿಲ್‌ಶಾಹಿ ತೆರಿಗೆಯಿಂದ ಬೇಸತ್ತಿದ್ದರು. ಇದನ್ನ ಮುಚ್ಚಿಡಬಾರದು. ನಮ್ಮ ದೊರೆ ಅಂದ ಮಾತ್ರಕ್ಕ ಅಲ್ಲಿಯವರಿಗೆ ಆತ ಹಿತವಾಗಿದ್ದ ಅಂತಲ್ಲ.

ಮೇ ತಿಂಗಳಲ್ಲಿ ವಿಜಯಪುರದ ಸೈನ್ಯ ಘಟ್ಟ ಇಳಿದು ಊರನ್ನ ವಾಪಸ್ ತಗೊಂಡಿತು. ಪೋರ್ಚುಗೀಸರು ಹಡಗು ಹತ್ತಿದರು. ಆದರೆ ಮಳೆಗಾಲ ಹಿಡಿದಿತ್ತು, ಸಮುದ್ರಕ್ಕೆ ಇಳಿಯುವಂತಿಲ್ಲ. ಆಗಸ್ಟ್ ತನಕ ಮಾಂಡೋವಿ ನದಿಯಲ್ಲೇ ಹಸಿದುಕೊಂಡು ಸಿಕ್ಕಿಬಿದ್ದರು.

ನವೆಂಬರ್ 25ಕ್ಕೆ ಆಲ್ಬುಕರ್ಕ್ ಮತ್ತೆ ಬಂದ. ಅಷ್ಟರಲ್ಲಿ ಯೂಸುಫ್ ತೀರಿಹೋಗಿದ್ದ, ಗಾದಿ ಮೇಲೆ ಚಿಕ್ಕ ಹುಡುಗ ಇಸ್ಮಾಯಿಲ್. ಊರು ಬಿತ್ತು. ಊರಿನ ಮುಸ್ಲಿಮರನ್ನು ಹೆಂಗಸರು, ಮಕ್ಕಳು ಅನ್ನದೆ ಕೊಲ್ಲಿಸಿದ್ದನ್ನು ಆಲ್ಬುಕರ್ಕ್ ತನ್ನ ರಾಜನಿಗೆ ತಾನೇ ಬರೆದು ತಿಳಿಸಿದ್ದಾನೆ.

ಅಲ್ಲಿಂದ ಮುಂದೆ ಲೆಕ್ಕ ತಿರುಗಿತು. ಕುದುರೆ ಬೇಕಂದ್ರ ಪೋರ್ಚುಗೀಸರನ್ನ ಕೇಳಬೇಕು. ದಾಭೋಳ್ ಬಂದರು ಕೈಯಲ್ಲಿದ್ದರೂ, ಹಡಗು ತೇಲಬೇಕಂದ್ರ ‘ಕರ್ತಾಜ್’ ಅನ್ನೂ ಪೋರ್ಚುಗೀಸ್ ಪರವಾನಗಿ ಚೀಟಿ ಬೇಕು. ನೆಲದ ಮ್ಯಾಲೆ ಸುಲ್ತಾನ, ನೀರಿನ ಮ್ಯಾಲೆ ಅರ್ಜಿದಾರ.

5/7 · ದೇವರು ಹೊಳಿ ದಾಟಿದಾಗ

ಎರಡನೇ ದಿನ ಪೋಂಡಾ ಬಸ್ ಹತ್ರಿ. ಒಂದೇ ಹಾದಿಯಾಗ ಮಂಗೇಶಿ ಗುಡಿ, ಮುಂದ ಸಫಾ ಮಸೀದಿ.

1543ರಲ್ಲಿ ಮೊದಲನೇ ಇಬ್ರಾಹಿಂ ಆದಿಲ್ ಶಾಹ ಬಾರ್ದೇಶ, ಸಾಷ್ಟಿ ಪ್ರದೇಶಗಳನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಅಲ್ಲಿಯ ಗುಡಿಗಳು ಒಂದೊಂದಾಗಿ ನೆಲಕ್ಕುರುಳಿದವು. 1560ರಲ್ಲಿ ಗೋವೆಗೆ ಇನ್‌ಕ್ವಿಸಿಷನ್ ಬಂತು. ಅಂದರೆ ಧರ್ಮದ ಹೆಸರಲ್ಲಿ ವಿಚಾರಣೆ, ಸೆರೆಮನೆ, ಶಿಕ್ಷೆ. ಭಕ್ತರು ದೇವರನ್ನು ಎತ್ತಿಕೊಂಡು ಹೊಳೆ ದಾಟಿದರು. ಮಂಗೇಶ ಕುಶಸ್ಥಳಿಯಿಂದ ಪ್ರಿಯೋಳಕ್ಕೆ ಬಂದ. ಶಾಂತಾದುರ್ಗೆಯೂ ಹೀಗೇ ಪೋಂಡಾ ಕಡೆ ಬಂದಳು.

ಪೋಂಡಾ ಯಾಕ? ಅದು ಆಗ ಪೋರ್ಚುಗೀಸರ ಗಡಿಯಾಚೆ, ವಿಜಯಪುರದ ಹಿಡಿತದಾಗಿತ್ತು. 1675ರಲ್ಲಿ ಶಿವಾಜಿ ಮಹಾರಾಜರು ಗೆಲ್ಲುವ ತನಕ ಹಂಗೇ ಇತ್ತು. ಅದೇ 1560ರ ಆಸುಪಾಸಿನ ಆದಿಲ್‌ಶಾಹಿ ಮಸೀದಿ ಸಫಾ, ಕಲ್ಲಿನ ಮೆಟ್ಟಿಲಿನ ಹೊಂಡದ ಜೋಡಿ ಅಲ್ಲೇ ಐತಿ. ಹೊಂಡದ ದಂಡಿಗೆ ಕೂತ್ರ ನಮ್ಮ ತಾಜ್ ಬಾವಡಿ ನೆನಪಾಗ್ತೈತಿ.

ವಿಜಯಪುರದ ಸುಲ್ತಾನರು ಸಂತರಾಗಿದ್ದರು ಅಂತ ಯಾರೂ ಹೇಳಬ್ಯಾಡ್ರಿ. ರಕ್ಕಸಗಿ–ತಂಗಡಗಿ ಯುದ್ಧ ಗೆದ್ದ ಒಂದನೇ ಅಲಿ ಆದಿಲ್ ಶಾಹನೇ 1570ರಲ್ಲಿ ಗೋವೆಗೆ ಮುತ್ತಿಗೆ ಹಾಕಿ, ಹತ್ತು ತಿಂಗಳು ಹೆಣಗಿ, 1571ರಲ್ಲಿ ಒಪ್ಪಂದ ಮಾಡಿಕೊಂಡು ಹಿಂದಿರುಗಿದ. ರಾಜರದ್ದು ರಾಜಕೀಯ. ಆದರೆ ಮನೆ ಬಿಟ್ಟು ಓಡುವವನಿಗೆ ಗಡಿಯ ಆಚೆ ಒಂದು ಜಾಗ ಬೇಕಲ್ಲ, ಆ ಜಾಗ ನಮ್ಮ ರಾಜ್ಯದಾಗಿತ್ತು. ಅದೇ ಕಾಲಕ್ಕೆ ಎಷ್ಟೋ ಕೊಂಕಣಿ ಮನೆತನಗಳು ದಕ್ಷಿಣಕ್ಕೆ, ಕುಮಟಾ, ಮಂಗಳೂರಿನ ಕಡೆಗೂ ಹೋದವು. ಗಂಟು ಕಟ್ಟಿಕೊಂಡು ಊರು ಬಿಡೂ ನೋವು ಗೋವಾದವರಿಗೂ ಗೊತ್ತಿರೂದ.

6/7 · ‘ಪಗಾರ’ ಯಾವ ಭಾಷಾ?

ಹಸಿವಾತೇನು? ಮಾರ್ಕೆಟ್ ಬಾಜೂ ಸಣ್ಣ ಖಾನಾವಳಿಗೆ ಹೋಗಿ ಪಾವ್–ಭಾಜಿ ತಗೋರಿ. ಬೀಚಿನ ಹೋಟೆಲ್ಲಿಗಿಂತ ಎಷ್ಟೋ ಸೋವಿ. ತಿನ್ನಕೋತ ಈ ಲೆಕ್ಕ ಮಾಡ್ರಿ.

‘ಪಾವ್’ ಪೋರ್ಚುಗೀಸ್ ಶಬ್ದ. ಭಾಜಿಯಾಗಿನ ಬಟಾಟಿ, ಅದೂ ಪೋರ್ಚುಗೀಸ್. ಮನ್ಯಾಗಿನ ಅಲಮಾರಿ, ಅದರ ಚಾವಿ, ಹಿತ್ತಲದ ಪೇರಲ, ಎಲ್ಲಾ ಅದೇ ಹಡಗು ಇಳಿದು ಬಂದ ಹೆಸರು. ನಾವು ರೊಟ್ಟಿ ಜೋಡಿ ತಿನ್ನೂ ಕೆಂಪು ಖಾರ? ಮೆಣಸಿನಕಾಯಿ ಅಮೆರಿಕಾ ಖಂಡದ ಬೆಳೆ. ಪೋರ್ಚುಗೀಸರು ತರೂ ಮೊದಲ ನಮ್ಮ ಹಿರಿಯರಿಗೆ ಖಾರ ಅಂದ್ರ ಕರಿಮೆಣಸು.

ತಂಬಾಕಿನ ಕತಿ ಇನ್ನೂ ಮಜಾ. 1604ರ ಸುಮಾರಿಗೆ ಅಕ್ಬರನ ರಾಯಭಾರಿ ಅಸದ್ ಬೇಗ್ ವಿಜಯಪುರಕ್ಕೆ ಬಂದ. ಅಲ್ಲಿ ತಂಬಾಕು ಕಂಡ. ಅವನು ಅದನ್ನ ಬೇರೆಲ್ಲೂ ನೋಡಿರಲಿಲ್ಲ. ಒಂದಿಷ್ಟು ಕಟ್ಟಿಕೊಂಡು, ಚೆಂದದ ನಳಿಗೆ ಮಾಡಿಸಿ ಬಾದಶಹನಿಗೆ ಒಯ್ದು ಕೊಟ್ಟ. ಅಕ್ಬರ ಎರಡು ದಮ್ ಎಳೆದ. ಹಕೀಮರು ಬ್ಯಾಡ ಅಂದರು. ಹಕೀಮರ ಮಾತೇ ಖರೆ, ಆ ಚಟ ಕಲೀಬ್ಯಾಡ್ರಿ.

ಆದ್ರ ನನಗ ಎಲ್ಲಕ್ಕಿಂತ ದೊಡ್ಡದು ಅನಿಸೂದು ‘ಪಗಾರ’. ಪೋರ್ಚುಗೀಸಿನಲ್ಲಿ ‘ಪಗಾರ್’ ಅಂದರೆ ಹಣ ಕೊಡುವುದು, ಪಾವತಿ ಮಾಡುವುದು. ಬೆಂಗಳೂರಿನವರು ಸಂಬಳ ಅಂದ್ರ, ನಮ್ಮ ಕಡೆ ಅಪ್ಪ ಅವ್ವ ಇವತ್ತಿಗೂ ಪಗಾರ ಅಂತಾರ. ನಮ್ಮ ಮಂದಿ ಬಸ್ ಹತ್ತಿ ಗೋವಾಕ್ಕ ಹೋಗೂದು ಯಾವುದಕ್ಕ? ಅದೇ ಪಗಾರಕ್ಕ.

7/7 · ಘಾಟಿ

1876–78ರ ಬರದಲ್ಲಿ ನಮ್ಮ ಸೀಮೆ ಹಾಳಾಯಿತು. ದೂರದ ಧಾನ್ಯ ತರಲು ರೈಲು ಇರಲಿಲ್ಲ. ಆ ಪಾಠದಿಂದ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. 1884ರ ಹೊತ್ತಿಗೆ ಹೋಟಗಿ–ಗದಗ ಮಾರ್ಗ ವಿಜಯಪುರದ ಮೇಲೆ ಹಾದುಹೋಯಿತು. 1888ರ ಹೊತ್ತಿಗೆ ಕ್ಯಾಸಲ್‌ರಾಕಿನಿಂದ ಘಟ್ಟ ಇಳಿದ ಹಳಿ, ದೂಧಸಾಗರದ ಜಲಪಾತ ದಾಟಿ ಮುರ್ಮಗೋವಾ ಬಂದರು ಮುಟ್ಟಿತು. ಹೀಗೆ 1510ರಲ್ಲಿ ಕೈ ತಪ್ಪಿದ ಕಡಲಿಗೆ ಮತ್ತೆ ನೇರ ದಾರಿ ಆಯಿತು. ಈ ಸಲ ಕುದುರೆ ಹತ್ತಲಿಲ್ಲ, ಹತ್ತಿಯ ಅಂಡಿಗೆ ಇಳಿಯಿತು. ಆಮೇಲೆ ಮನುಷ್ಯರು ಇಳಿದರು.

1961ರ ಡಿಸೆಂಬರ್ 19ಕ್ಕೆ ಪೋರ್ಚುಗೀಸರ ಆಳ್ವಿಕೆ ಮುಗಿಯಿತು. ಮುಂದಿನ ವರ್ಷಗಳಲ್ಲಿ ಗಣಿ, ರಸ್ತೆ, ಹೋಟೆಲು, ಬಂದರು ಬೆಳೆದವು. ವಾಸ್ಕೋ, ಬೈನಾ, ಜುವಾರಿನಗರದಾಗ ಕನ್ನಡ ಕೇಳಿಸಾಕ ಶುರುವಾತು. ಇಟ್ಟಂಗಿ ಹೊತ್ತವರು, ಡಾಂಬರು ಹಾಕಿದವರು, ಮೀನಿನ ಬುಟ್ಟಿ ಇಳಿಸಿದವರು ನಮ್ಮ ಜಿಲ್ಲೆ, ಬಾಗಲಕೋಟೆ, ಗದಗಿನ ಮಂದಿ. ಅವರಿಗೆ ಅಲ್ಲಿ ಬಿದ್ದ ಹೆಸರು ‘ಘಾಟಿ’, ಅಂದ್ರ ಘಟ್ಟದ ಮ್ಯಾಲಿನವ. ಅರ್ಥದಾಗ ತಪ್ಪಿಲ್ಲ, ಅನ್ನೂ ದನಿಯಾಗ ತಪ್ಪೈತಿ.

ಅವರ ಅಂಜಿಕೆಯನ್ನೂ ತಿಳಕೋರಿ. ಸಣ್ಣ ನಾಡು. 1967ರಲ್ಲಿ ಮಹಾರಾಷ್ಟ್ರದಲ್ಲಿ ಸೇರಬೇಕೋ ಬೇಡವೋ ಅಂತ ಮತ ಹಾಕಿ ಬೇಡ ಅಂದರು. ರಾಜ್ಯ ಆಗಿದ್ದು 1987ರಲ್ಲಿ. ತಮ್ಮ ಭಾಷೆ, ತಮ್ಮ ನೆಲ ಕರಗಿಹೋದೀತು ಅನ್ನೂ ಚಿಂತಿ ಯಾರಿಗಿರೂದಿಲ್ಲ? ಅದಕ್ಕ ‘ಗೋವಾ ನಮ್ಮದಿತ್ತು’ ಅಂತ ಎದಿ ತಟ್ಟಿಕೊಂಡು ಹೋಗಬ್ಯಾಡ್ರಿ. ಸುಲ್ತಾನನದಿತ್ತು, ನಮ್ಮ ನಿಮ್ಮ ಅಜ್ಜಂದಲ್ಲ. ಅಜ್ಜ ಆಗಲೂ ಕುದುರಿ ಹಿಂದ ಮೂಟಿ ಹೊತ್ತು ನಡೆದಿರಬೇಕು. ಆದ್ರ ಕದಂಬರ ಹೆಸರಿನ ಬಸ್ಸಿನಾಗ ಕೂತು, ಪಗಾರದ ಮಾತಾಡೂ ಊರಾಗ ಕನ್ನಡ ಮಾತಾಡಾಕ ನಾಚಿಕೀನೂ ಬ್ಯಾಡ.

ಕಡೀಗೆ ಒಂದು ಸೋವಿ ಸುಖ: ಪಣಜಿಯಿಂದ ಬೇತಿಗೆ, ಹಳೇ ಗೋವಾದಿಂದ ದಿವಾಡಿ ದ್ವೀಪಕ್ಕೆ ಫೆರಿ ಬೋಟು ಐತಿ. ನಡಕೊಂಡು ಹತ್ತೋರಿಗೆ ಪುಕ್ಕಟೆ. ಸಂಜಿಮುಂದ ದೋಸ್ತನ ಜೋಡಿ ಕಂಬಿ ಹಿಡಕೊಂಡು ನಿಂದರ್ರಿ. ಆಲ್ಬುಕರ್ಕ್ ಮಳೆಗಾಲಪೂರ್ತಿ ಸಿಕ್ಕಿಬಿದ್ದ ನೀರು ಅದೇ. ಬಾಜೂಕ ಕೆಲಸ ಮುಗಿಸಿ ಹೊಂಟಾಂವ ನಮ್ಮ ಕಡೆಯವ ಕಂಡ್ರ ‘ಯಾವೂರ್ರಿ ಕಾಕಾ?’ ಅಂತ ಕೇಳ್ರಿ.

ಸುಲ್ತಾನನಿಗೆ ಕಲ್ಲಿನ ಬಾಗಿಲು ಉಳೀತು, ವರ್ತೆಮಾಗ ಪುಸ್ತಕ ಉಳೀತು. ಇಟ್ಟಂಗಿ ಹೊತ್ತವರದು ಎಲ್ಲೂ ಬರದಿಟ್ಟಿಲ್ಲ. ಅದಕ್ಕ ನಿಮಗೊಂದು ಕೆಲಸ: ನಿಮ್ಮ ಓಣ್ಯಾಗ ಗೋವಾಕ್ಕ ದುಡಿಯಾಕ ಹೋಗಿ ಬಂದವರು ಇದ್ದೇ ಇರ್ತಾರ. ಹೋಗಿ ಕುಂದರ್ರಿ, ಚಾ ಕುಡೀರಿ, ಒಂದು ನೋಟ್‌ಬುಕ್ಕಿನಾಗ ಬರಕೋರಿ. ಯಾವ ವರ್ಷ ಹೋದ್ರಿ, ಯಾವ ಊರಾಗಿದ್ರಿ, ಏನು ಕಟ್ಟಿದ್ರಿ, ದಿನಕ್ಕ ಎಷ್ಟು ಪಗಾರ?

#ಬಿಜ್ಜರಗಿ #ತಿಕೋಟಾ #ವಿಜಯಪುರ_ಗೋವಾ #ಹಾದಿಯ_ಇತಿಹಾಸ