ಸ್ಥಳೀಯ ತೆರಿಗೆ ಪ್ರತ್ಯೇಕ

ನಾನು ಇಂಗ್ಲಿಷು ಓದಲು ಕಲಿತದ್ದು ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಸಾಬೂನಿನ ಹೊದಿಕೆಗಳಿಂದ. ಪುತ್ತೂರು ತಾಲೂಕಿನ ನಮ್ಮ ಹಳ್ಳಿಯಲ್ಲಿ ಅಪ್ಪನದೊಂದು ಜೀನಸಿನ ಅಂಗಡಿ ಇತ್ತು. ಶಾಲೆ ಬಿಟ್ಟ ಮೇಲೆ ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು ಅಕ್ಷರ ಕಂಡಲ್ಲೆಲ್ಲ ಓದುವುದು ನನ್ನ ಚಟ. ಸಾಬೂನು, ಟೂತ್‌ಪೇಸ್ಟು, ಬ್ಲೇಡು, ಯಾವುದನ್ನು ತಿರುಗಿಸಿದರೂ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಂದು ಬೆಲೆ, ಅದರ ಬಾಲವಾಗಿ ಇನ್ನೊಂದು ಮಾತು ಇರುತ್ತಿತ್ತು. ಲೋಕಲ್ ಟ್ಯಾಕ್ಸಸ್ ಎಕ್ಸ್‌ಟ್ರಾ. ಸ್ಥಳೀಯ ತೆರಿಗೆ ಪ್ರತ್ಯೇಕ ಎಂದು ಕನ್ನಡ ಮಾಡಿಕೊಳ್ಳೋಣ.

ಈ ಮೂರು ಪದಗಳ ಮಹಿಮೆ ನನಗೆ ತಿಳಿದದ್ದು 1984ರಲ್ಲಿ, ನಾನು ಎಂಟನೆಯ ತರಗತಿಯಲ್ಲಿದ್ದಾಗ. ಬೀಡಿ ಕಟ್ಟುವ ಹೆಂಗಸೊಬ್ಬಳು ಸಾಬೂನು ಕೊಂಡಳು. ಹೊದಿಕೆಯ ಮೇಲೆ 2 ರೂಪಾಯಿ 40 ಪೈಸೆ; ಅಪ್ಪ ತೆಗೆದುಕೊಂಡದ್ದು 2 ರೂಪಾಯಿ 75 ಪೈಸೆ. ಆಕೆಯ ಜೊತೆಗೆ ಬಂದಿದ್ದ ಮಗಳು ಅಂಕೆಗಳನ್ನು ಓದಿ ತಾಯಿಯ ಸೆರಗೆಳೆದಳು. "ಅದು ಟ್ಯಾಕ್ಸು" ಎಂದರು ಅಪ್ಪ. ಆ ಒಂದು ಶಬ್ದಕ್ಕೆ ತಾಯಿ ಮಗಳು ಇಬ್ಬರೂ ಸುಮ್ಮನಾದರು. ಸರಕಾರದ ಹೆಸರು ಬಂದ ಮೇಲೆ ಎದುರು ಮಾತಾಡುವವರು ಯಾರು?

ಆ ರಾತ್ರಿ ನಾನು ಮಂಗಳೂರಿನ ಸಗಟು ವ್ಯಾಪಾರಿಯ ಬಿಲ್ಲು ತೆಗೆದು ಲೆಕ್ಕ ಹಾಕಿದೆ. ತೆರಿಗೆಯನ್ನು ಹಂಚಿ ನೋಡಿದರೆ ಸಾಬೂನೊಂದಕ್ಕೆ 20 ಪೈಸೆಯ ಆಸುಪಾಸು. ಇಂಥ ಸರಕುಗಳ ಮಾರಾಟ ತೆರಿಗೆ ರಾಜ್ಯದೊಳಗಿನ ಮೊದಲ ಮಾರಾಟದಲ್ಲೇ ಮುಗಿದುಹೋಗುತ್ತಿತ್ತು. ನಮ್ಮಂಥ ಕೊನೆಯ ಅಂಗಡಿಯಿಂದ ಅದರ ಬಾಬ್ತು ಮತ್ತೆ ಕಟ್ಟಬೇಕಾದ್ದು ಏನೂ ಇರಲಿಲ್ಲ. ಹಾಗಾದರೆ ಉಳಿದ 15 ಪೈಸೆ? ಕೇಳಿಯೇಬಿಟ್ಟೆ. ಅಪ್ಪ ಸಿಟ್ಟಾಗಲಿಲ್ಲ. ಕಣ್ಣಿಗೆ ಹಾಕಿದ್ದ ಕನ್ನಡಕ ತೆಗೆದು, "ನಿನ್ನ ಶಾಲೆಯ ಫೀಸು ಎಲ್ಲಿಂದ ಬರುತ್ತದೆಂದು ತಿಳಿದುಕೊಂಡಿದ್ದೀ?" ಎಂದರು. ನಾನು ಬಿಲ್ಲನ್ನು ಮೊಳೆಗೆ ಚುಚ್ಚಿ ಮಲಗಲು ಹೋದೆ.

ಮುಂದೆ ಇದರ ಪೂರ್ವಕಥೆಯನ್ನು ಹುಡುಕುತ್ತ ಹೋದಾಗ, ನಮ್ಮ ಜಿಲ್ಲೆಯವರಿಗೆ ಮಾರಾಟ ತೆರಿಗೆಯ ಪರಿಚಯ ಉಳಿದ ಕನ್ನಡಿಗರಿಗಿಂತ ಮೊದಲೇ ಆಗಿತ್ತು ಎಂಬುದು ತಿಳಿಯಿತು. ದಕ್ಷಿಣ ಕನ್ನಡವೂ ಬಳ್ಳಾರಿಯೂ ಆಗ ಮದ್ರಾಸು ಪ್ರಾಂತಕ್ಕೆ ಸೇರಿದ್ದವು. ರಾಜಾಜಿಯವರ ಸರಕಾರ 1937ರಲ್ಲಿ ಸೇಲಂ ಜಿಲ್ಲೆಯಿಂದ ಪಾನನಿರೋಧವನ್ನು ಆರಂಭಿಸಿತಷ್ಟೆ. ಹೆಂಡದ ವರಮಾನ ತಪ್ಪಿದ ಖಜಾನೆಯನ್ನು ತುಂಬಲು 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆಯ ಕಾಯಿದೆ ಬಂತು. ಇಂಥ ಕಾಯಿದೆ ಭಾರತದಲ್ಲಿ ಇದೇ ಮೊದಲು. ಸೇಲಮಿನವರು ಕುಡಿಯುವುದನ್ನು ಬಿಟ್ಟದ್ದಕ್ಕೆ ಪುತ್ತೂರಿನವರು ಉಪ್ಪಿನಕಾಯಿ ಭರಣಿಯ ಮೇಲೆ ತೆರಿಗೆ ಕೊಟ್ಟರು ಎಂದು ನಾನು ತಮಾಷೆ ಮಾಡುವುದುಂಟು. ಮೈಸೂರು ಸಂಸ್ಥಾನದಲ್ಲಿ ಮಾರಾಟ ತೆರಿಗೆಯ ಕಾಯಿದೆಯಾದದ್ದು 1948ರಲ್ಲಿ. ಏಕೀಕರಣದ ನಂತರ, 1957ರಲ್ಲಿ, ಇಡೀ ರಾಜ್ಯಕ್ಕೆ ಒಂದೇ ಕಾಯಿದೆ.

ಹೊದಿಕೆಯ ಮೇಲಿನ ಬರಹದ ಕಥೆ ಬೇರೆ. ಪೊಟ್ಟಣದ ಸರಕುಗಳ ಮೇಲೆ ತೂಕ, ಬೆಲೆ ಮುದ್ರಿಸುವ ಬಗ್ಗೆ ಕೇಂದ್ರ ಸರಕಾರದ ನಿಯಮಗಳು 1977ರಲ್ಲಿ ಬಂದವು. ಬೆಲೆಯನ್ನು ಎಲ್ಲ ತೆರಿಗೆ ಸೇರಿಸಿ ಬರೆಯಬಹುದು, ಇಲ್ಲವೆ ಸ್ಥಳೀಯ ತೆರಿಗೆ ಪ್ರತ್ಯೇಕ ಎಂದೂ ಬರೆಯಬಹುದು. ಒಂದೊಂದು ರಾಜ್ಯದಲ್ಲಿ ಒಂದೊಂದು ತೆರಿಗೆ ಇರುವಾಗ ಕಂಪೆನಿಗಳಿಗೆ ಎರಡನೆಯದೇ ಸಲೀಸು. ಒಂದೇ ಹೊದಿಕೆ ಕಾಶ್ಮೀರಕ್ಕೂ ಆಯಿತು, ಕಾಸರಗೋಡಿಗೂ ಆಯಿತು. ತೆರಿಗೆ ಎಷ್ಟೆಂದು ಗಿರಾಕಿಗೆ ತಿಳಿಯದು. ಅಂಗಡಿಯವನು ಹೇಳಿದ್ದೇ ದರ. ಕರ್ನಾಟಕದಲ್ಲಿ 1979ರಲ್ಲಿ ಆಕ್ಟ್ರಾಯ್ ರದ್ದಾಗಿ ಪ್ರವೇಶ ತೆರಿಗೆ ಬಂದಾಗಲೂ ನಮ್ಮ ಹಳ್ಳಿಯಲ್ಲಿ ಸಾಬೂನಿನ ಬೆಲೆ ಒಂದು ಪೈಸೆ ಇಳಿದ ನೆನಪು ನನಗಿಲ್ಲ.

ಇದು ನಮ್ಮ ದೇಶದವರ ಗುಣ ಎಂದೇ ಬಹುಕಾಲ ತಿಳಿದಿದ್ದೆ. 2006ರಲ್ಲಿ ಅಮೆರಿಕದ ಮಿಸೌರಿ ರಾಜ್ಯದಲ್ಲಿರುವ ತಮ್ಮನ ಮನೆಗೆ ಹೋದಾಗ ಆ ಭ್ರಮೆ ಹರಿಯಿತು. ಅಂಗಡಿಯಲ್ಲಿ 99 ಸೆಂಟಿನ ಚೀಟಿ ನೋಡಿ ಒಂದು ಡಾಲರಿನ ನೋಟು ಹಿಡಿದು ನಿಂತರೆ ಸಾಲದೆಂದರು. ಅಲ್ಲಿ ತೆರಿಗೆ ಇಂದಿಗೂ ಪ್ರತ್ಯೇಕವೇ. ಹೋಟೆಲಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಊಟದ ಬೆಲೆ, ಮೇಲೆ ತೆರಿಗೆ, ಅದರ ಮೇಲೆ ತಮ್ಮ ಬರೆದ ಟಿಪ್ಸು. ಇಷ್ಟೇಕೆ ಎಂದು ಕೇಳಿದ್ದಕ್ಕೆ, "ಅದು ಇನಾಮಲ್ಲ, ಅವಳ ಸಂಬಳ" ಎಂದ. ಮಾತು ನಿಜ. ಟಿಪ್ಸನ್ನು ಕನಿಷ್ಠ ಕೂಲಿಯ ಲೆಕ್ಕಕ್ಕೆ ಹಿಡಿಯಲು ಮಾಲಿಕರಿಗೆ ಅವಕಾಶ ಕೊಟ್ಟದ್ದು 1966ರ ತಿದ್ದುಪಡಿ. ಹಾಗೆ ಹಿಡಿದ ಮೇಲೆ ಮಾಲಿಕ ತನ್ನ ಕೈಯಿಂದ ಕೊಡಲೇಬೇಕಾದದ್ದು, ಕೇಂದ್ರದ ಕಾನೂನಿನಂತೆ, 1991ರಿಂದ ಗಂಟೆಗೆ 2 ಡಾಲರ್ 13 ಸೆಂಟು. ಹಲವು ರಾಜ್ಯಗಳು ಇದಕ್ಕಿಂತ ಹೆಚ್ಚು ಗೊತ್ತುಮಾಡಿವೆಯೆನ್ನಿ.

ಅಲ್ಲಿಯ ಒಂದು ಹಳೆಯ ಸಾಮಾನಿನ ಅಂಗಡಿಯಲ್ಲಿ ಗಾಜಿನ ಬಟ್ಟಲ ತುಂಬ ಕೆಂಪು, ಹಸಿರು ಪ್ಲಾಸ್ಟಿಕ್ಕಿನ ಬಿಲ್ಲೆಗಳಿದ್ದವು. ಮಕ್ಕಳ ಆಟಕ್ಕಿರಬೇಕೆಂದು ಕೇಳಿದರೆ ತೆರಿಗೆ ಬಿಲ್ಲೆಗಳೆಂದರು. 1930ರ ದಶಕದ ಮಹಾಕುಸಿತದಲ್ಲಿ ಅಲ್ಲಿನ ರಾಜ್ಯಗಳು ಒಂದೊಂದಾಗಿ ಮಾರಾಟ ತೆರಿಗೆ ಹಾಕಿದವು. ಹತ್ತು ಸೆಂಟಿನ ಬ್ರೆಡ್ಡಿಗೆ ಶೇಕಡಾ 1ರ ತೆರಿಗೆಯೆಂದರೆ ಸೆಂಟಿನ ಹತ್ತನೆಯ ಒಂದು ಪಾಲು. ಅಷ್ಟು ಸಣ್ಣ ನಾಣ್ಯ ಇಲ್ಲ. ಅಂಗಡಿಯವನು ಇಡೀ ಸೆಂಟನ್ನು ತೆಗೆದುಕೊಂಡರೆ ಒಂಬತ್ತು ಪಾಲು ಅವನ ಪೆಟ್ಟಿಗೆಗೆ. ಅದನ್ನು ತಪ್ಪಿಸಲು ಹಲವು ರಾಜ್ಯಗಳು 'ಮಿಲ್' ಎಂಬ ಬಿಲ್ಲೆಗಳನ್ನೇ ಹೊರಡಿಸಿದವು. ಮಿಸೌರಿಯಲ್ಲಿ 1935ರಲ್ಲಿ ಮೊದಲು ಬಂದವು ಹಾಲಿನ ಶೀಶೆಯ ಮುಚ್ಚಳದಂಥ ರಟ್ಟಿನವು, ಆಮೇಲೆ ಸತುವಿನವು, ಕೊನೆಗೆ ಈ ಪ್ಲಾಸ್ಟಿಕ್ಕಿನವು. ಒಂದು ಹಸಿರು ಬಿಲ್ಲೆ ಕೊಂಡುಕೊಂಡೆ. ಅದರ ಬೆಲೆಯ ಮೇಲೂ ತೆರಿಗೆ ಬಿತ್ತು. ಅಂಗೈಯಲ್ಲಿಟ್ಟು ನೋಡುವಾಗ ನನಗೆ ಅಪ್ಪನ 15 ಪೈಸೆಯೇ ಕಂಡಿತು.

ನಮ್ಮಲ್ಲಿ ಬಿಲ್ಲೆಯ ಬದಲು ಬಂದದ್ದು ಅಚ್ಚಿನ ಮೊಳೆ. 1990ರಲ್ಲಿ ನಿಯಮ ತಿದ್ದಿ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆಯನ್ನೇ ಮುದ್ರಿಸಬೇಕೆಂದು ಮಾಡಿದರು. ಎಂ.ಆರ್.ಪಿ. ಎಂಬ ಮೂರಕ್ಷರ ಈಗ ಶಾಲೆಗೆ ಹೋಗದವರ ಬಾಯಲ್ಲೂ ಇದೆ. ಬೇಸಗೆಯಲ್ಲಿ ಸೋಡಾ ತಂಪು ಮಾಡಿದ್ದಕ್ಕೆಂದು ಎರಡು ರೂಪಾಯಿ ಕೇಳುವವರು ಈಗಲೂ ಇದ್ದಾರೆ. ಹೋಟೆಲುಗಳು ಬಿಲ್ಲಿಗೆ ತಾವಾಗಿಯೇ ಸೇವಾಶುಲ್ಕ ಸೇರಿಸಬಾರದೆಂದು ಗ್ರಾಹಕ ಪ್ರಾಧಿಕಾರ 2022ರಲ್ಲಿ ಹೇಳಿ, 2025ರಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಬೇಕಾಯಿತು. ಆದರೂ ಹೊದಿಕೆಯ ಮೇಲಿನ ಅಂಕೆಗೆ ಮೇಲೆ ಕೇಳುವವನು ಈಗ ತುಸು ದನಿ ತಗ್ಗಿಸಿ ಕೇಳುತ್ತಾನೆ.

ಹೊಸ ಹೊದಿಕೆಯ ಸಾಬೂನಿನ ಪೆಟ್ಟಿಗೆ ನಮ್ಮ ಅಂಗಡಿಗೆ ಬಂದ ದಿನ ನಾನು ಊರಲ್ಲೇ ಇದ್ದೆ. ಅಪ್ಪ ಒಂದನ್ನು ತೆಗೆದು, ಬೆಳಕಿಗೆ ಹಿಡಿದು, ಬೆಲೆಯ ಮುಂದಿನ ಮಾತನ್ನು ಎರಡು ಸಲ ಓದಿಸಿದರು. ನನ್ನ ಕಾಲೇಜಿನ ಕೊನೆಯ ವರ್ಷದ ಫೀಸು ಅದಾಗಲೇ ಕಟ್ಟಿಯಾಗಿತ್ತು. ಸಾಬೂನನ್ನು ಪೆಟ್ಟಿಗೆಗೇ ಸೇರಿಸಿ ಒಳಕೋಣೆಗೆ ಸಾಗಿಸಿದರು. ಹಳೆಯ ಹೊದಿಕೆಯವು ಇನ್ನೂ ನಾಲ್ಕು ಡಜನ್ನು ಉಳಿದಿದ್ದವು. ಅವು ಮುಗಿಯುವವರೆಗೆ ಹೊಸದನ್ನು ಅಪ್ಪ ಹೊರಗೆ ತೆಗೆಯಲಿಲ್ಲ.